ನಾಲ್ಕನೇ ತರಗತಿಯ ಗ್ರೂಪ್ ಫೋಟೋ

ಹೆಡ್‌ಮೇಡಂ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ಹತ್ತು ಗಂಟೆಗೆ ಬನ್ನಿ, ನಾಲ್ಕನೇ ತರಗತಿಯ ಗ್ರೂಪ್ ಫೋಟೋ. ಮಕ್ಕಳು ಮಾಸ್ಕ್ ಹಾಕಿರಬೇಕೋ ತೆಗೆದಿರಬೇಕೋ ಎಂಬುದನ್ನು ಅವರೂ ಹೇಳಲಿಲ್ಲ, ಫೋಟೋಗ್ರಾಫರನೂ ಕೇಳಲಿಲ್ಲ. ಕೇಳಿದ್ದರೆ ಜ್ವರ ಬಂದಿದೆಯೆಂದು ಮುಸುಕೆಳೆದು ಮಲಗಿಬಿಡುತ್ತಿದ್ದ.

ಎಲ್ಲರ ಕೈಗೂ ಮೊಬೈಲ್ ಬಂದಮೇಲೆ ಅವನ ಸ್ಟುಡಿಯೋಗೆ ಉಳಿದಿದ್ದ ಖಾಯಂ ಕೆಲಸ ಆ ಸರ್ಕಾರಿ ಶಾಲೆಯದೊಂದೇ. ಹಾಗಾಗಿ ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು, ಐದು ನಿಮಿಷ ಮೊದಲೇ ಗೇಟಿನ ಹತ್ತಿರ ಬಂದ. ಬಂದವನ ಕಾಲು ಅಲ್ಲೇ ಕಚ್ಚಿಕೊಂಡಿತು. ಮಕ್ಕಳ ಅಪ್ಪ ಅಮ್ಮಂದಿರು ಎರಡು ಗುಂಪಾಗಿ, ಕಬಡ್ಡಿ ಆಡಲು ನಿಂತವರ ಹಾಗೆ ಎದುರುಬದುರು ನಿಂತಿದ್ದರು. ಒಂದು ಗುಂಪಿನ ಮುಖಕ್ಕೆ ಮಾಸ್ಕ್ ಇತ್ತು, ಇನ್ನೊಂದರ ಮುಖಕ್ಕೆ ಇರಲಿಲ್ಲ.

ಆವರಣದೊಳಗೆ ಮಾಸ್ಕ್ ಕಡ್ಡಾಯವೆಂದು ಸುತ್ತೋಲೆ ಬಂದು ಹದಿನೈದು ದಿನವಾಗಿತ್ತು. ಅಂದಿನಿಂದ ಊರು ಎರಡು ಹೋಳು. ಮಾಸ್ಕಿನ ಪರ ನಿಂತವರು ಕೆಲಸದಿಂದ ನಿವೃತ್ತರಾದ ನರ್ಸಮ್ಮ. ಅವರ ಮೊಮ್ಮಗಳಿಗೆ ಹುಟ್ಟಿನಿಂದ ಉಬ್ಬಸ. ಪಕ್ಕದ ಬೀದಿಯಲ್ಲಿ ಯಾರಾದರೂ ಸೀನಿದರೂ ಅಜ್ಜಿಯ ಜೀವ ಬಾಯಿಗೆ ಬರುತ್ತಿತ್ತು. ವಿರೋಧ ಬಸ್ ಕಂಡಕ್ಟರನದು. ಅವನ ಮಗನಿಗೆ ಕಿವಿ ಮಂದ, ಎದುರಿನವರ ತುಟಿ ನೋಡಿಯೇ ಮಾತು ತಿಳಿಯಬೇಕು. ತುಟಿಗಳು ಮುಚ್ಚಿಹೋದ ದಿನದಿಂದ ಹುಡುಗ ತರಗತಿಯಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದ. ಇಬ್ಬರ ಮಾತೂ ನ್ಯಾಯವೇ. ಅದಕ್ಕೇ ಜಗಳ ಬಗೆಹರಿಯುತ್ತಿರಲಿಲ್ಲ.

ಕಂಡಕ್ಟರ್ ಬಂದು ಫೋಟೋಗ್ರಾಫರನ ಹೆಗಲ ಮೇಲೆ ಕೈಯಿಟ್ಟ.

"ಮುಖ ಕಾಣದ ಫೋಟೋ ಯಾರಿಗೆ ಬೇಕು ಅಣ್ಣ? ಮಾಸ್ಕ್ ತೆಗೆಸಿದ್ರೆ ಕ್ಲಿಕ್ ಮಾಡು. ಇಲ್ಲಾಂದ್ರೆ ಕ್ಯಾಮೆರಾ ಚೀಲದಲ್ಲೇ ಇರ್ಲಿ."

ನರ್ಸಮ್ಮ ಇನ್ನೊಂದು ಹೆಗಲ ಬಳಿ ಬಂದು, ಸೂಜಿ ಚುಚ್ಚುವ ಮುಂಚೆ ಮಾತಾಡಿಸುವಷ್ಟು ಮೆತ್ತಗೆ ಹೇಳಿದರು: "ಒಂದು ಮಗು ಮಾಸ್ಕ್ ತೆಗೆದ್ರೂ ಇವತ್ತೇ ಮೇಲಿನ ಆಫೀಸಿಗೆ ಬರೀತೀನಿ ಕಣಪ್ಪ. ನಿನ್ನ ಹೆಸರೂ ಸೇರಿಸಿ."

ಎರಡು ಫೋಟೋ ತೆಗೆದರಾಯಿತಲ್ಲ ಎಂದ ಫೋಟೋಗ್ರಾಫರ್. ಶಾಲೆಯ ಗೋಡೆಗೆ ಯಾವುದು ಹಾಕುತ್ತೀರಿ ಎಂದು ಎರಡೂ ಗುಂಪಿನವರು ಒಟ್ಟಿಗೆ ಮೈಮೇಲೆ ಬಿದ್ದರು. ನಿಯಮ ಆವರಣದೊಳಗೆ ತಾನೇ, ಬೆಂಚು ರಸ್ತೆಗೆ ತನ್ನಿ ಎಂದ ಕಂಡಕ್ಟರ್. ಬೆಂಚು ರಸ್ತೆಗೆ ಬಂತು. ಬೆಂಚಿನ ಮುಂದೆ ಲಾರಿ ಬಂದು ನಿಂತಿತು, ಲಾರಿಯ ಹಿಂದೆ ಪೊಲೀಸಪ್ಪ. ರಸ್ತೆಯೇನು ನಿಮ್ಮ ಮನೆಯ ಅಂಗಳವೇ ಎಂದು ಅವನು ಗದರಿದ ಮೇಲೆ ಬೆಂಚು ಮತ್ತೆ ಒಳಗೆ ಹೊರಟಿತು. ಸರಿಯಾಗಿ ಗೇಟಿನ ನಡುವೆ ಎರಡೂ ಗುಂಪಿನವರು ಒಂದೊಂದು ತುದಿ ಹಿಡಿದು ಜಗ್ಗಿದರು. ಬೆಂಚು ಅಲ್ಲೇ ಕೂತಿತು.

ಹೆಡ್‌ಮೇಡಂಗೆ ಆಗ ಹೊಳೆಯಿತು. ಬೆಂಚಿನ ಒಳಗಿನ ಅರ್ಧಕ್ಕೆ ಮಾಸ್ಕ್ ಹಾಕಿದವರು, ಹೊರಗಿನ ಅರ್ಧಕ್ಕೆ ಹಾಕದವರು. ಗಡಿಯಲ್ಲಿ ಕೂರಲು ಯಾರೂ ಒಪ್ಪದ್ದರಿಂದ, ಮುಂದಾಳುಗಳ ಮನೆಯ ಮಕ್ಕಳೇ ಕೂರಲಿ ಎಂದಾಯಿತು: ಒಳಗಡೆ ನರ್ಸಮ್ಮನ ಮೊಮ್ಮಗಳು, ಹೊರಗಡೆ ಕಂಡಕ್ಟರನ ಮಗ, ಭುಜಕ್ಕೆ ಭುಜ ತಾಗಿಸಿ.

ಫೋಟೋಗ್ರಾಫರ್ ಗೇಟಿನ ಕಂಬಕ್ಕೆ ಬೆನ್ನೊತ್ತಿ ನಿಂತ. ಎಡಕ್ಕೊಂದು ಗುಂಪು, ಬಲಕ್ಕೊಂದು ಗುಂಪು. ಯಾರೋ ಯಾರನ್ನೋ ತಳ್ಳಿದರು. ಛತ್ರಿಯೊಂದು ಮೇಲೆದ್ದಿತು. ಪೊಲೀಸಪ್ಪ ಸೀಟಿ ಊದಿದ. ಇನ್ನು ಅರೆಗಳಿಗೆ ತಡೆದರೆ ಯಾರದಾದರೂ ತಲೆ ಒಡೆಯುತ್ತದೆ ಎನ್ನಿಸಿ, ಅವನು ಕಣ್ಣು ಮುಚ್ಚಿಕೊಂಡು ಕ್ಲಿಕ್ ಮಾಡಿದ. ಸ್ಟುಡಿಯೋ ತಲುಪುವವರೆಗೆ ಹಿಂದೆ ತಿರುಗಿ ನೋಡಲಿಲ್ಲ.

ಸಂಜೆ ಕಂಪ್ಯೂಟರಿನಲ್ಲಿ ಚಿತ್ರ ತೆರೆದ. ಎಲ್ಲರೂ ಹೇಳಿದಂತೆಯೇ ಕೂತಿದ್ದರು, ನಡುವಿನ ಇಬ್ಬರ ಹೊರತು. ಗಲಾಟೆಯಲ್ಲಿ ಏನೂ ತಿಳಿಯದೆ ಹುಡುಗ ಕಂಗಾಲಾಗಿರಬೇಕು. ಹುಡುಗಿ ಮಾಸ್ಕನ್ನು ಗಲ್ಲದ ಕೆಳಗೆ ಎಳೆದುಕೊಂಡು ಅವನತ್ತ ತಿರುಗಿ, ತುಟಿ ಬಿಡಿಸಿ ಬಿಡಿಸಿ ಏನೋ ಹೇಳುತ್ತಿದ್ದಳು. ಅವಳು ಮಾಸ್ಕ್ ಇಳಿಸಿದ್ದನ್ನು ಕಂಡು ಹುಡುಗ ತನ್ನದನ್ನು ಜೇಬಿನಿಂದ ತೆಗೆದು ಮೂಗಿನವರೆಗೆ ಏರಿಸಿಕೊಂಡಿದ್ದ. ಅವನ ಕಣ್ಣು ನಗುತ್ತಿತ್ತು.

ಹಂಚುವ ಮೊದಲು ತಾವು ನೋಡಬೇಕೆಂದು ನರ್ಸಮ್ಮನೂ ಕಂಡಕ್ಟರನೂ ಒಂದೇ ಹೊತ್ತಿಗೆ ಬಂದರು. ನೋಡಿದರು.

"ನಮ್ಮ ಕಡೆಯವರು ಇದನ್ನ ನೋಡಿದ್ರೆ ನಾನು ತಲೆ ಎತ್ತಿ ಓಡಾಡೋ ಹಾಗಿಲ್ಲ," ಎಂದ ಕಂಡಕ್ಟರ್.

"ನನ್ನ ಪಾಡೂ ಅದೇ," ಎಂದರು ನರ್ಸಮ್ಮ.

ಹದಿನೈದು ದಿನದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ಚಿತ್ರ ಅಳಿಸಬೇಕು, ಕ್ಯಾಮೆರಾ ಕೆಟ್ಟಿತ್ತೆಂದು ಫೋಟೋಗ್ರಾಫರನೇ ಶಾಲೆಗೆ ಹೇಳಬೇಕು. ಇಷ್ಟು ವರ್ಷದಲ್ಲಿ ತನ್ನ ಒಂದು ಫೋಟೋವೂ ಕೆಟ್ಟಿಲ್ಲವೆಂದು ಅವನು ಗೊಣಗಿದ್ದನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಕಣ್ಣೆದುರಿಗೇ, ಮತ್ತೆ ತರಿಸಲಾಗದ ಹಾಗೆ, ಕ್ಯಾಮೆರಾ, ಕಂಪ್ಯೂಟರ್ ಎರಡರಿಂದಲೂ ಅಳಿಸಿದ. ಹೆಡ್‌ಮೇಡಂಗೆ ಫೋನ್ ಮಾಡಿದ. ನಾಳೆ ಟೀಚರೇ ಮೊಬೈಲಿನಲ್ಲಿ ತೆಗೆಯುತ್ತಾರೆ, ಇನ್ನುಮೇಲೆ ನೀವು ತೊಂದರೆ ತಗೊಳ್ಳಬೇಡಿ ಎಂದು ಅವರು ಫೋನ್ ಇಟ್ಟುಬಿಟ್ಟರು.

ಶಟರ್ ಎಳೆಯುವ ಹೊತ್ತಿಗೆ ಕಂಡಕ್ಟರ್ ಒಬ್ಬನೇ ವಾಪಸು ಬಂದ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಅಣ್ಣ, ಆ ಫೋಟೋ ಒಂದು ಕಾಪಿ ಕೊಡು. ನನ್ನ ಮಗ ನಕ್ಕಿದ್ದು ನೋಡಿ ಎಷ್ಟು ದಿನ ಆಗಿತ್ತೋ. ಯಾರಿಗೂ ತೋರಿಸಲ್ಲ."

"ಅಳಿಸಿಬಿಟ್ಟೆನಲ್ಲಪ್ಪ. ನೀವೇ ನಿಂತು ಅಳಿಸು ಅಂದ್ರಿ."

"ಅಳಿಸು ಅಂದ್ರೆ ಅಳಿಸಿಬಿಡೋದಾ? ಒಂದು ಕಾಪಿ ಎತ್ತಿಡೋ ಬುದ್ಧಿ ಇಲ್ಲದ ನೀನು ಎಂಥ ಫೋಟೋಗ್ರಾಫರ್?"

ಕಂಡಕ್ಟರ್ ಸ್ಟೂಲಿನ ಮೇಲೆ ಕುಸಿದು ಕೂತ. ಫೋಟೋಗ್ರಾಫರ್ ರಸ್ತೆಯತ್ತ ನೋಡಿದ. ಎದುರಿನ ಔಷಧಿ ಅಂಗಡಿಯ ಕಂಬದ ಮರೆಯಲ್ಲಿ ನರ್ಸಮ್ಮ, ಕಂಡಕ್ಟರ್ ಯಾವಾಗ ಹೊರಗೆ ಬಂದಾನೆಂದು ಕಾಯುತ್ತ ನಿಂತಿದ್ದರು.