ಭಾವನ ಗಾಡಿಗೆ ಹೊಸ ರೆಗ್ಯುಲೇಟರ್

ನಮ್ಮ ಭಾವ ಅರ್ಧ ಅಮೆರಿಕ ಸುತ್ತಿ ಬಂದಿದ್ದಾರೆ, ಬಾಥೆಲ್‌ನ ತಮ್ಮ ಮನೆಯ ಮುಂದಿನಿಂದ ಒಂದಡಿಯೂ ಕದಲದೆ!

ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ. ಒಂದು ಸಂಜೆ ಪಕ್ಕದೂರಾದ ಲಿನ್‌ವುಡ್‌ನ ನನ್ನ ಮನೆಯಿಂದ ಅಕ್ಕನ ಮನೆಗೆ ಹೋದರೆ, ಗ್ಯಾರೇಜಿನ ಮುಂದೆ ನಿಂತ ಹಳೆಯ ಮೋಟರ್‌ಹೋಮ್‌ನಲ್ಲಿ ಭಾವ ಸ್ಟೀರಿಂಗ್ ಹಿಡಿದು ಕೂತಿದ್ದರು. ತುಂತುರು ಮಳೆ. ಎಂಜಿನ್ ಬಂದ್, ವೈಪರ್ ಮಾತ್ರ ಚಾಲೂ.

"ಭಾವ, ಏನ್ ಮಾಡ್ಲಿಕತ್ತೀರಿ?"

"ಸಾವಕಾಶ ಹತ್ತೋ. ಘಾಟ್ ನಡದದ."

ಹತ್ತಿ ಪಕ್ಕದ ಸೀಟಿನಲ್ಲಿ ಕೂತೆ. ಗಾಜಿನ ಮೇಲೆ ನೀರು ಹರಿಯುತ್ತಿತ್ತು, ಎದುರು ಮನೆಯ ದೇವದಾರು ಮರಗಳು ಕರಗಿ ಕರಗಿ ಹಿಂದಕ್ಕೆ ಸರಿದಂತೆ ಕಾಣುತ್ತಿದ್ದವು. ಹತ್ತು ನಿಮಿಷದಲ್ಲಿ ಘಾಟ್ ಇಳಿದೆವು. ಆಣೆ ಮಾಡಿ ಹೇಳುತ್ತೇನೆ, ಕೊನೆಯ ತಿರುವಿನಲ್ಲಿ ನಾನು ಬಲಕ್ಕೆ ವಾಲಿದೆ!

ಮೋಟರ್‌ಹೋಮ್ ಎಂದರೆ ಗಾಲಿಯ ಮೇಲಿನ ಮನೆ. ಹಾಸಿಗೆ, ಒಲೆ, ಫ್ರಿಜ್, ಬಚ್ಚಲು ಎಲ್ಲ ಅದರೊಳಗೇ. ಭಾವನದು ವಯಸ್ಸಿನಲ್ಲಿ ನನಗಿಂತ ಹಿರಿಯದು. ಮೈಮೇಲೆ ಕಿತ್ತಳೆ ಬಣ್ಣದ ಪಟ್ಟೆ, ಒಳಗೆ ಯಾರದೋ ಕಂಬಳಿಯ, ಯಾವುದೋ ಕಾಡಿನ ವಾಸನೆ. ಕೂತರೆ ಸಾಕು, ಕಣ್ಣು ತಾನಾಗಿ ತೂಗುತ್ತದೆ. ಕ್ಯಾನ್ಯನ್ ಪಾರ್ಕ್ ಬಡಾವಣೆಯ ಕಂಪನಿಯಲ್ಲಿ ದಿನವಿಡೀ ಲ್ಯಾಬಿನ ಯಂತ್ರಗಳ ಜೊತೆ ಗುದ್ದಾಡುವ ಎಂಜಿನಿಯರು ಸಂಜೆ ಇದರಲ್ಲಿ ಕೂತು ಕನಸು ಕಾಣುವುದಕ್ಕೆ ಒಂದೂವರೆ ವರ್ಷವಾಗಿತ್ತು. ಬಡಾವಣೆಯ ಸಂಘದವರು ಪತ್ರ ಬರೆದರು: 'ನಿಮ್ಮ ವಾಹನ ಬಹಳ ದಿನದಿಂದ ನಿಂತಿದೆ, ತಿಂಗಳೊಳಗೆ ತೆಗೆಯಿರಿ.' ಭಾವ ಉತ್ತರ ಬರೆದರು: 'ನಿಂತಿಲ್ಲ. ಹೊರಟಿದೆ!'

ಅಕ್ಕ ಮಾತ್ರ ಅದರೊಳಗೆ ಕಾಲಿಟ್ಟಿರಲಿಲ್ಲ. "ಮಂದಿ ಗಂಡಂದ್ರು ಗಾಲ್ಫ್ ಆಡ್ತಾರ. ಇವ್ರು ಎಮ್ಮಿ ಕಟ್ಯಾರ. ಹಾಲೂ ಇಲ್ಲ, ಹೈನೂ ಇಲ್ಲ!" ಎನ್ನುತ್ತಿದ್ದಳು.

ಭಾವ ಸೋರುವ ಸೂರು ಮುಚ್ಚಿದರು, ಬ್ರೇಕ್ ಸರಿಮಾಡಿಸಿದರು. ಉಳಿದದ್ದು ಗ್ಯಾಸ್ ಒಂದೇ. ಒಲೆ ಹಚ್ಚಿದರೆ ಹಳದಿ ಜ್ವಾಲೆಯೊಂದು ಆಕಳಿಸುತ್ತ ಎದ್ದು ಮತ್ತೆ ಮಲಗಿಬಿಡುತ್ತಿತ್ತು. ನೀರು ಕಾಯದು, ಹೀಟರ್ ಹತ್ತದು.

"ರೆಗ್ಯುಲೇಟರಿಗೆ ವಯಸ್ಸಾಗೇದ," ಎಂದು ಭಾವ ತೀರ್ಪು ಕೊಟ್ಟರು.

ನಮ್ಮ ಕಡೆ ಸಿಲಿಂಡರಿನ ತಲೆಯ ಮೇಲೆ ಟೋಪಿಯಂತೆ ಕೂರುತ್ತದಲ್ಲ, ಅದರ ಅಣ್ಣ ಇದು. ಗಾಡಿಯ ಹೊಟ್ಟೆಯಡಿ ಪ್ರೊಪೇನ್ ಟ್ಯಾಂಕಿನ ಪಕ್ಕದಲ್ಲಿರುತ್ತದೆ. ಟ್ಯಾಂಕಿನಿಂದ ಗೂಳಿಯಂತೆ ನುಗ್ಗುವ ಗ್ಯಾಸನ್ನು ಸಾಧು ಹಸುವಾಗಿಸಿ ಒಲೆಗೆ ಕಳಿಸುವುದೇ ಇದರ ಉದ್ಯೋಗ.

ಹೊಸ ರೆಗ್ಯುಲೇಟರ್ ಬಂದ ಶನಿವಾರ ಸಹಾಯಕನಾಗಿ ನನಗೆ ಕರೆ ಬಂತು. ಭಾವ ಗಾಡಿಯ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದ್ದರು.

"ಮೊದ್ಲ ಬಾಯಿ ಮುಚ್ಚಬೇಕು," ಎಂದರು.

ನಾನು ಮುಚ್ಚಿದೆ.

"ನಿಂದಲ್ಲೋ, ಟ್ಯಾಂಕಿಂದು!"

ಟ್ಯಾಂಕಿನ ವಾಲ್ವ್ ಮುಚ್ಚಿದ್ದಾಯಿತು. ಇನ್ನು ಹಳೆಯ ರೆಗ್ಯುಲೇಟರಿನ ನಟ್ ಬಿಚ್ಚಬೇಕು. ಭಾವ ಎಳೆದರು, ನಾನು ಎಳೆದೆ, ಇಬ್ಬರೂ ಸೇರಿ ಎಳೆದೆವು. ಅರ್ಧ ಗಂಟೆಯಾದರೂ ನಟ್ ಧ್ಯಾನದಲ್ಲಿ ಕೂತ ಮುನಿಯಂತೆ ಅಲುಗಲಿಲ್ಲ. ಮನೆಯ ಬಾಗಿಲ ಬಳಿ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ ಅಕ್ಕ ಕೊನೆಗೆ ಬಾಯಿ ಬಿಟ್ಟಳು.

"ರೀ, ಆ ಕಡೆ ತಿರುಗಸ್ರಿ. ಗ್ಯಾಸಿನ ನಟ್ ಉಲ್ಟಾ ಇರ್ತದಂತ. ಹೊಸಾ ಡಬ್ಬಿ ಒಳಗಿನ ಚೀಟಿ ಮ್ಯಾಲೆ ಬರದದ."

ಆ ಕಡೆ ತಿರುಗಿಸಿದರು. ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು! ಭಾವ ನಟ್ಟಿನ ಧೂಳು ಒರೆಸಿದರು. "ನಾನೂ ಅದನ್ನ ಹೇಳೂವ್ನಿದ್ದೆ," ಎಂದರು.

ಹೊಸದನ್ನು ಕೂರಿಸಿ, ವಾಲ್ವ್ ತೆರೆದು, ಪ್ರತಿ ಜೋಡಣೆಗೂ ಸಾಬೂನಿನ ನೀರು ಹಚ್ಚಿದೆವು. ಗ್ಯಾಸ್ ಸೋರಿದರೆ ಗುಳ್ಳೆ ಏಳುತ್ತದೆ. ಎದ್ದಿತು! ಒಂದೇ ಒಂದು ಗುಳ್ಳೆ, ನಿಧಾನವಾಗಿ ಉಬ್ಬುತ್ತ, ಮೋಡದ ಬೆಳಕನ್ನೆಲ್ಲ ಮೈಮೇಲೆ ತುಂಬಿಕೊಂಡು. ಎಷ್ಟು ಚೆಂದವಿತ್ತೆಂದರೆ ನಾವಿಬ್ಬರೂ ಮೈಮರೆತು ನೋಡುತ್ತ ಕೂತೆವು.

"ಚಂದ ನೋಡ್ತೀರೋ, ಬಿಗಿ ಮಾಡ್ತೀರೋ?" ಎಂದು ಅಕ್ಕ ಕೂಗಿದಳು.

ವಾಲ್ವ್ ಮುಚ್ಚಿ ಬಿಗಿ ಮಾಡಿದೆವು. ವಾಲ್ವ್ ತೆರೆದು ಮತ್ತೆ ಸಾಬೂನಿನ ನೀರು ಹಚ್ಚಿದರೆ ಗುಳ್ಳೆಯಿಲ್ಲ. ಆಮೇಲೆ ಒತ್ತಡ ಅಳೆಯುವ ಕೆಲಸ. ಭಾವ ಪಾರದರ್ಶಕ ಕೊಳವೆಯೊಂದನ್ನು ಹಲಗೆಗೆ ಬಗ್ಗಿಸಿ ಕಟ್ಟಿ, ನೀರು ತುಂಬಿ, ಕಾಣಲೆಂದು ಅದಕ್ಕೆ ಅಕ್ಕನ ಕುಂಕುಮ ಕದಡಿದ್ದರು. ಅದನ್ನು ಒಲೆಯ ಪೈಪಿಗೆ ಜೋಡಿಸಿ ಗ್ಯಾಸ್ ಬಿಟ್ಟಾಗ ಕೆಂಪು ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ಏರಿ, ಬೇಕಾದ ಗೆರೆಗೆ ಬಂದು ನಿಂತಿತು. ಭಾವ ಹಲಗೆಗೆ ಕೈಮುಗಿದರು. ಯಂತ್ರಪೂಜೆಗೆ ಇನ್ನೇನು ಬೇಕು?

ಒಲೆ ಹಚ್ಚಿದರೆ ಶಂಖಪುಷ್ಪದಂಥ ನೀಲಿ ಜ್ವಾಲೆ! ಭಾವ ಬಚ್ಚಲಿನ ನೀರಿನ ಹೀಟರನ್ನೂ ಹಚ್ಚಿ, ಚಹಕ್ಕೆ ಇಟ್ಟರು. ಆ ವಾಸನೆಗೋ ಏನೋ, ಅಕ್ಕ ಎದ್ದು ಬಂದು, ಗಾಡಿಯ ಬಾಗಿಲ ಪಕ್ಕದ ಹಿಡಿಕೆ ಹಿಡಿದುಕೊಂಡು ಮೊದಲ ಸಲ ಒಳಗೆ ಹತ್ತಿದಳು. ಹಾಸಿಗೆ ಒತ್ತಿ ನೋಡಿದಳು. ಬಚ್ಚಲಿನ ಬಾಗಿಲು ತೆರೆದು ನಲ್ಲಿ ತಿರುಗಿಸಿ, ನೀರಿನಡಿ ಬಹಳ ಹೊತ್ತು ಕೈ ಹಿಡಿದು ನಿಂತಳು.

"ಬೆಚ್ಚಗದ," ಎಂದಳು. ಅಷ್ಟೇ.

ಹೊರಗೆ ಚಾಪೆ ಸುತ್ತುತ್ತ ನಾನು ಕೇಳಿದೆ. "ಇಷ್ಟೆಲ್ಲಾ ಒದ್ದಾಟ ಯಾಕ ಭಾವ? ದಾರ್ಯಾಗ ಹೋಟೆಲ್ ಇಲ್ಲೇನು?"

ಭಾವ ದನಿ ತಗ್ಗಿಸಿದರು. "ಆಪರೇಶನ್ ಆದಾಗಿಂದ ನಿಮ್ಮಕ್ಕ ದೂರ ಎಲ್ಲೂ ಬರಂಗಿಲ್ಲೋ. ಗಳಿಗಿಗೊಮ್ಮೆ ಬಚ್ಚಲಕ್ಕ ಹೋಗಬೇಕು, ಬಿಸಿನೀರ ಬೇಕು, ನಡುವ ಮಲಗಬೇಕು. ಮಂದಿ ಮುಂದ ಅಕಿಗೆ ನಾಚಿಕಿ. ದವಾಖಾನ್ಯಾಗ ಇದ್ದಾಗ ಸಮುದ್ರ ನೋಡಬೇಕಂದಿದ್ಲು. ಮನೀ ಬಿಟ್ಟು ಬರಂಗಿಲ್ಲಂದ್ರ ಏನಾತು, ಮನೀನ ಹೊಂಟ್ರಾತು ಅಂದೆ."

ಒಂದೂವರೆ ವರ್ಷ ಇದನ್ನು ನೋಡಿ ನಕ್ಕಿದ್ದೆ. ಚಾಪೆಯನ್ನು ಮತ್ತೆ ಬಿಚ್ಚಿ ಮತ್ತೆ ಸುತ್ತಿದೆ.

ಮುಂದಿನ ಶನಿವಾರ ಗ್ಯಾಸಿನ ವಾಲ್ವ್ ಮುಚ್ಚಿ, ಅಕ್ಕನನ್ನು ಕೂರಿಸಿಕೊಂಡು ಭಾವ ನಿಜವಾಗಿಯೂ ಹೊರಟರು. ಹಿಂದೆ ನನ್ನ ಕಾರು. ಒಂದು ಗಂಟೆಯ ದಾರಿ ಕಳೆದು ವಿಶ್ರಾಂತಿ ತಾಣದಲ್ಲಿ ನಿಂತೆವು. ಎಷ್ಟು ಹೊತ್ತಾದರೂ ಗಾಡಿ ಹೊರಡಲಿಲ್ಲ. ಮತ್ತೇನು ಕೆಟ್ಟಿತೋ ಎಂದು ಓಡಿಹೋದೆ. ಭಾವ ಗಾಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಅಕ್ಕ ಗಾಢ ನಿದ್ದೆಯಲ್ಲಿದ್ದಳು.

"ಭಾವ, ಸಮುದ್ರ ಇನ್ನೂ ಎರಡು ತಾಸಿನ ದಾರಿ..."

ಅವರು ತುಟಿಗೆ ಬೆರಳಿಟ್ಟರು. "ಎಬ್ಬಸಬ್ಯಾಡೋ. ಮನೀ ಬಿಟ್ಟು ಹೊರಗ ಅಕಿಗೆ ನಿದ್ದಿ ಬಂದು ಭಾಳ ದಿನ ಆತು," ಎಂದು ಪಿಸುಗುಟ್ಟಿ, ನನಗೆ ಕೂರಲು ಪಕ್ಕಕ್ಕೆ ಸರಿದರು.