ಎರಡನೇ ಸ್ಟೇಷನ್ ಉತ್ತರಿಸುತ್ತಿಲ್ಲ

ನನ್ನ ಸೋದರಮಾವನಿಗೆ ಮನುಷ್ಯರ ಮೇಲೆ ಎಂದೂ ಅನುಮಾನ ಬಂದದ್ದಿಲ್ಲ. ಅವರ ಅನುಮಾನವೆಲ್ಲ ತಂತಿ, ತಿರುಪು, ಬ್ಯಾಟರಿಗಳ ಮೇಲೆ! ಅತ್ತೆ ಮುಖ ಊದಿಸಿಕೊಂಡು ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದರೆ, ಮಾವ ಲೋಟ ಎತ್ತಿ ತಳ ಮಟ್ಟಸವಾಗಿದೆಯೇ ಎಂದು ನೋಡುವವರು. ಇಂಥವರ ಜೊತೆ ಅತ್ತೆ ಅಷ್ಟು ವರ್ಷ ಹೇಗೆ ಬಾಳಿದರು ಎಂದು ಕೇಳಬೇಡಿ. ಅದು ಅವರಿಗೂ ಗೊತ್ತಿರಲಿಲ್ಲ.

ಮಾವ ಮಿಲಿಟರಿಯ ಫೋನು-ತಂತಿಗಳ ವಿಭಾಗವಾದ ಸಿಗ್ನಲ್ಸ್‌ನಲ್ಲಿದ್ದು ನಿವೃತ್ತರಾಗಿ ಊರಿಗೆ ಬಂದವರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಯಾವ ಅರ್ಜಿ ಮಡಿಕೇರಿಗೆ, ಯಾವುದು ಬೆಂಗಳೂರಿಗೆ ಎಂದು ಕಚೇರಿಯ ಮೇಜುಗಳಿಗೇ ತಿಳಿಯದ ಕಾಲ. ಭಾಗಮಂಡಲದಿಂದಲೂ ಆಚೆ ಇದ್ದ ನಮ್ಮ ಮೂಲೆಗೆ ಫೋನು ಬರುವುದುಂಟೆ? ಮಾವ ಯಾರನ್ನೂ ಕಾಯಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹರಾಜಾಗಿದ್ದ ಎರಡು ಮಿಲಿಟರಿ ಫೋನು ಪೆಟ್ಟಿಗೆಗಳನ್ನು ಎಲ್ಲಿಂದಲೋ ಹೊತ್ತು ತಂದರು. ಒಂದನ್ನು ತಮ್ಮ ಮನೆಯಲ್ಲಿಟ್ಟರು, ಇನ್ನೊಂದನ್ನು ಗದ್ದೆಯಾಚೆಯ ನಮ್ಮ ಮನೆಯಲ್ಲಿ. ನಡುವೆ ಸಿಲ್ವರ್ ಓಕ್ ಮರಗಳ ಮೇಲೆ ತಂತಿ ಎಳೆದರು. ಇಲ್ಲಿ ಪೆಟ್ಟಿಗೆಯ ಹಿಡಿ ತಿರುಗಿಸಿದರೆ ಅಲ್ಲಿ ಗಂಟೆ! ಇಷ್ಟಕ್ಕೇ ಬಿಟ್ಟಿದ್ದರೆ ಅವರನ್ನು ದೇವರೆಂದು ಪೂಜಿಸುತ್ತಿದ್ದೆವು. ಬಿಡಲಿಲ್ಲ. ತಮ್ಮ ಮನೆಗೆ ಒಂದನೇ ಸ್ಟೇಷನ್ ಎಂದೂ ನಮ್ಮ ಮನೆಗೆ ಎರಡನೇ ಸ್ಟೇಷನ್ ಎಂದೂ ಹೆಸರಿಟ್ಟರು. ಹಿಡಿ ತಿರುಗಿಸಿದವರು ಮೊದಲು ತಮ್ಮ ನಂಬರ್ ಹೇಳಬೇಕು, ಆಮೇಲೆ ಮಾತು.

ನನ್ನ ಅಮ್ಮ ಅವರ ಸ್ವಂತ ಅಕ್ಕ. ಮಾವ ಹಾಲು ಕುಡಿಯುವ ಕೂಸಾಗಿದ್ದಾಗಲೇ ಅಜ್ಜಿ ತೀರಿಕೊಂಡರು. ಆ ಕೂಸನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಮ್ಮ. ಅವಳು ಒಂದು ದಿನ ಸಂಭ್ರಮದಿಂದ ಹಿಡಿ ತಿರುಗಿಸಿದಳು. ಪಕ್ಕದಲ್ಲಿ ಕಿವಿ ತೂರಿಸಿ ನಿಂತಿದ್ದ ನನಗೆ ಎರಡೂ ಕಡೆಯ ಮಾತು ಕೇಳಿಸಿತು.

"ಹಲೋ, ನಾಡಿದ್ದು ಆಟಿ ಹದಿನೆಂಟು ಅಲ್ವಾ, ಮದ್ದು ಪಾಯಸಕ್ಕೆ ಬಾ."

"ಯಾರು ಮಾತಾಡೂದು?"

"ಯಾರಾ? ನಾನು ಮಾರಾಯ, ಅಕ್ಕ!"

"ಅಕ್ಕ ಅಂತ ಯಾವ ಸ್ಟೇಷನ್ನೂ ಇಲ್ಲ. ನಂಬರ್ ಹೇಳಿ."

"ಎಂಥ ನಂಬರ್? ನಿನ್ನ ಸೊಂಟದಲ್ಲಿ ಹೊತ್ತು ಸಾಕಿದವಳಿಗೆ ನಂಬರ್ ಬೇಕಾ?"

"ನಂಬರ್ ಇಲ್ಲದೆ ಮಾತಾಡ್ಲಿಕ್ಕೆ ಆಗೂದಿಲ್ಲ" ಎಂದು ಮಾವ ಫೋನು ಇಟ್ಟೇಬಿಟ್ಟರು!

ಅಮ್ಮ ಒಳಗಿನಿಂದ ಕಂಬಳಿ ತಂದು ಫೋನಿಗೆ ಸುತ್ತಿದಳು, ಅದರ ಮೇಲೆ ಭತ್ತದ ಕುಕ್ಕೆ ಕವುಚಿದಳು. "ಇದನ್ನು ಮುಟ್ಟಿದವರ ಕೈ ಮುರೀತೇನೆ" ಎಂದಳು. ಅಪ್ಪ ಕೂಡ ಆ ದಾರಿಯಲ್ಲಿ ಓಡಾಡುವುದನ್ನು ಬಿಟ್ಟರು. ಕಾಡಿನ ಮದ್ದುಸೊಪ್ಪಿನ ರಸದಿಂದ ಮನೆಮನೆಯಲ್ಲೂ ಪಾಯಸ ಮಾಡುವ ಆಟಿ ತಿಂಗಳ ಹದಿನೆಂಟನೇ ದಿನ ಬಂತು, ಹೋಯಿತು. ತಮ್ಮನ ಪಾಲಿನ ಪಾಯಸವನ್ನು ಅಮ್ಮ ಸಂಜೆಯವರೆಗೂ ಮುಚ್ಚಿಟ್ಟಿದ್ದು ದನಕ್ಕೆ ಹಾಕಿದಳು.

ಮಾವ ಎಂದಿನಂತೆ ಫೋನು ಮಾಡಿದರು. ಉತ್ತರವಿಲ್ಲ. ಮತ್ತೆ ಮಾಡಿದರು. ಉಹುಂ! ಬೇರೆ ಯಾರಾದರೂ ಆಗಿದ್ದರೆ ಏನು ಯೋಚಿಸುತ್ತಿದ್ದರು? ಅಕ್ಕನಿಗೆ ಬೇಜಾರಾಗಿರಬೇಕು, ಹೋಗಿ ಮಾತಾಡಿಸೋಣ ಎಂದು, ಅಲ್ಲವೇ? ಮಾವ "ಲೈನಿನಲ್ಲಿ ದೋಷ ಉಂಟು" ಎಂದು ಘೋಷಿಸಿ ತಿರುಪುಳಿ ಹುಡುಕಿದರು.

ದೋಷ ಹುಡುಕುವುದಕ್ಕೂ ಮಿಲಿಟರಿಯಲ್ಲಿ ಒಂದು ಕ್ರಮವಿದೆಯಂತೆ. ಮೊದಲು ನಿಮ್ಮ ಪೆಟ್ಟಿಗೆ, ಆಮೇಲೆ ನೆಲಕ್ಕೆ ಹುಗಿದ ಕಬ್ಬಿಣದ ಸರಳು, ಆಮೇಲೆ ತಂತಿ, ಕೊನೆಗೆ ಆಚೆ ಕಡೆ. ಪೆಟ್ಟಿಗೆ ಬಿಚ್ಚಿ ಜೋಡಿಸಿದರು. ಒಂದು ತಿರುಪು ಮಿಕ್ಕಿತು. ಅದನ್ನು ಹೆಚ್ಚುವರಿ ಎಂದು ತೀರ್ಮಾನಿಸಿದರು. ನೆಲ ಒಣಗಿದ್ದರೆ ವಿದ್ಯುತ್ತು ಹರಿಯುವುದಿಲ್ಲವಾದ್ದರಿಂದ ಸರಳಿನ ಬುಡಕ್ಕೆ ನೀರು ಹೊಯ್ಯಬೇಕು ಎಂಬುದು ನಿಯಮ. ಹೊಯ್ದರು! ಆಟಿಯ ಜಡಿಮಳೆಯಲ್ಲಿ ಅತ್ತೆ ಕೊಡೆ ಹಿಡಿದು ನಿಂತರು, ಮಾವ ಕೊಡದಿಂದ ನೀರು ಹೊಯ್ದರು. ಆ ದಾರಿಯಲ್ಲಿ ಬಂದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಇದನ್ನು ಕಂಡು ಏನೂ ಕೇಳದೆ ಬೇರೆ ದಾರಿ ಹಿಡಿದರು.

ಮರುದಿನ ತಂತಿಯ ಸರದಿ. ಮಾವ ಮಳೆಗೆ ಓಲೆಯ ಗೊರಬೆ ಸೂಡಿಕೊಂಡು, ಮರದಿಂದ ಮರಕ್ಕೆ ತಂತಿ ಜಗ್ಗಿ ನೋಡುತ್ತ ಗದ್ದೆ ದಾಟಿ ನಮ್ಮ ಬೇಲಿಯವರೆಗೂ ಬಂದರು. ಅಮ್ಮ ಅಡುಗೆಮನೆ ಕಿಟಕಿಯಿಂದ ನೋಡಿದಳು. ನೋಡದ ಹಾಗೆ ಕಾಫಿಗೆ ನೀರಿಟ್ಟಳು. ನಾನು ಹೊರಗೆ ಓಡಿದೆ.

"ಮಾವ, ತಂತಿ ಸರಿ ಉಂಟು. ಅಮ್ಮನಿಗೆ ಸಿಟ್ಟು ಬಂದದ್ದು ಅಷ್ಟೇ. ಒಳಗೆ ಬನ್ನಿ."

"ಅದು ನಿನ್ನ ಅಭಿಪ್ರಾಯ" ಎಂದರು ಮಾವ. "ಬೇಲಿಯಿಂದ ಆಚೆ ಎರಡನೇ ಸ್ಟೇಷನ್. ಅವರ ಒಪ್ಪಿಗೆ ಇಲ್ಲದೆ ನಾನು ಒಳಗೆ ಬರೂ ಹಾಗಿಲ್ಲ. ಫೋನು ಮಾಡಿ ಒಪ್ಪಿಗೆ ಕೇಳ್ತೇನೆ."

ಯಾವ ಫೋನು? ಅದೇ ಫೋನು! ಒಪ್ಪಿಗೆ ಕೇಳಲು ವಾಪಸು ಹೋದರು ಪುಣ್ಯಾತ್ಮರು. ಅಮ್ಮ ಕಾಫಿಯನ್ನು ಬಚ್ಚಲಿಗೆ ಸುರಿದು, ಒಲೆಯ ಹೊಗೆ ಎಂದು ಕಣ್ಣೊರೆಸಿಕೊಂಡಳು. ನನಗೆ ಮಾವನ ತಲೆಯನ್ನೇ ಬಿಚ್ಚಿ ಜೋಡಿಸಬೇಕು ಎನಿಸಿತು.

ಆಗ ಮಾವನಿಗೆ ಹೊಸದೊಂದು ಹೊಳೆಯಿತು. ಎರಡನೇ ಸ್ಟೇಷನ್ನಿಗೆ ತಮ್ಮ ಮಾತು ಕೇಳಿಸುತ್ತಿದ್ದು, ಉತ್ತರ ಮಾತ್ರ ಬರುತ್ತಿಲ್ಲದಿರಬಹುದಲ್ಲ! ಸರಿ, ಕಂಬಳಿ ಹೊದ್ದು ಕುಕ್ಕೆಯೊಳಗೆ ಮಲಗಿದ್ದ ಫೋನಿಗೆ ಅವರು ಗಟ್ಟಿ ದನಿಯಲ್ಲಿ ಸೂಚನೆ ಕೊಟ್ಟರಂತೆ: "ನಾಳೆ ಬೆಳಿಗ್ಗೆ ಪರೀಕ್ಷೆ. ಒಂದು ಗುಂಡು ಹಾರಿಸಿದರೆ ನಾನು ಗಂಟೆ ಬಾರಿಸ್ತಾ ಇದ್ದೇನೆ ಅಂತ ಅರ್ಥ. ಇನ್ನೊಂದು ಹಾರಿಸಿದರೆ ನಿಲ್ಲಿಸಿದ್ದೇನೆ ಅಂತ."

ಕೊಡಗಿನವರಿಗೆ ಇದರ ಮುಂದಿನದನ್ನು ಹೇಳಬೇಕಾಗಿಲ್ಲ. ಉಳಿದವರು ಕೇಳಿ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು ಹಾರಿಸುತ್ತಾರೆ, ಮನೆಯಲ್ಲಿ ಸಾವಾದರೆ ಎರಡು. ಎರಡು ಕೇಳಿದವರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಆ ಮನೆಗೆ ಓಡಬೇಕು.

ಬೆಳಿಗ್ಗೆ ಮಾವನ ಮನೆ ಕಡೆಯಿಂದ ಒಂದು ಗುಂಡು ಕೇಳಿತು. ಅಮ್ಮ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ಅತ್ತೆಗೆ ಆಗಲೇ ತಲೆ ನರೆತಿತ್ತು, ಇನ್ನು ಗಂಡು ಮಗು ಎಲ್ಲಿಂದ? ಎರಡನೆಯದೂ ಕೇಳಿತು.

ಅಮ್ಮ ಎದ್ದು ಕುಕ್ಕೆಯನ್ನು ಒದ್ದು, ಕಂಬಳಿ ಕಿತ್ತೆಸೆದು, ಹಿಟ್ಟಿನ ಕೈಯಲ್ಲೇ ಹಿಡಿ ತಿರುಗಿಸಿದಳು. "ಎರಡನೇ ಸ್ಟೇಷನ್! ನಾನು ಎರಡನೇ ಸ್ಟೇಷನ್ ಮಾತಾಡೂದು! ಯಾರಾದ್ರೂ ತೆಗೀರಿ!" ಅಲ್ಲಿ ಯಾರು ತೆಗೆಯಬೇಕು? ಅತ್ತೆ ದನದ ಕೊಟ್ಟಿಗೆಯಲ್ಲಿ, ಗುಂಡಿನ ಸದ್ದಿಗೆ ಕಿವಿ ಗುಂಯ್ಗುಡುತ್ತಿದ್ದ ಮಾವ ಅಂಗಳದಲ್ಲಿ ಕೋವಿ ಹಿಡಿದು ಮುಂದಿನ ಪರೀಕ್ಷೆಗೆ ತಯಾರಿ ನಡೆಸಿದ್ದರು. ಅಮ್ಮ ಫೋನು ಬಿಸುಟು, ಬರಿಗಾಲಲ್ಲಿ ಗದ್ದೆಗೆ ಇಳಿದೇಬಿಟ್ಟಳು. ಹಿಂದೆ ನಾನು. ಬದುವಿನಲ್ಲಿ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. "ಒಂದು ನಂಬರ್ ಹೇಳಿದ್ರೆ ನನ್ನ ಗಂಟು ಹೋಗ್ತಿತ್ತಾ? ಹೇಳ್ಬೇಕಿತ್ತು ನಾನು, ಹೇಳ್ಬೇಕಿತ್ತು" ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ನಾವು ತಲುಪುವಾಗ ಅಂಗಳದಲ್ಲಿ ಆಗಲೇ ನೆರೆಯವರು ಬಿಳಿ ಬಟ್ಟೆ ಉಟ್ಟು ನೆರೆದಿದ್ದರು. ಅವರ ನಡುವೆ ನಿಂತು, ಸತ್ತವರು ವಾದಿಸುತ್ತಿದ್ದರು!

"ಸಾವಿನ ಗುಂಡು ಒಂದರ ಬೆನ್ನಿಗೆ ಇನ್ನೊಂದು. ನಾನು ನಡುವೆ ಎಷ್ಟು ಹೊತ್ತು ಬಿಟ್ಟಿದ್ದೇನೆ! ಕೇಳುವವರಿಗೆ ತಾಳ್ಮೆ ಬೇಕು."

"ಹಾಗಾದ್ರೆ ಯಾರೂ ಸಾಯ್ಲಿಲ್ವಾ?" ಎಂದು ನೆರೆಮನೆಯ ಹಿರಿಯರೊಬ್ಬರು ಸ್ವಲ್ಪ ನಿರಾಸೆಯಿಂದಲೇ ಕೇಳಿದರು. ಪಾಪ, ಅಷ್ಟು ಅವಸರದಲ್ಲಿ ಓಡಿ ಬಂದಿದ್ದರು.

ಆಗ ಮಾವ ಅಮ್ಮನನ್ನು ಕಂಡರು. ಮೈಯೆಲ್ಲ ಕೆಸರು, ಕೈಯಲ್ಲಿ ಒಣಗಿದ ಹಿಟ್ಟು, ಕಾಲ ತುಂಬ ಜಿಗಣೆ, ರಕ್ತ. ಅಮ್ಮ ತಮ್ಮನ ಮುಖ ಸವರಿದಳು, ಭುಜ ಹಿಡಿದು ನೋಡಿದಳು, ಆಮೇಲೆ ಜಗಲಿಯ ಮೆಟ್ಟಿಲ ಮೇಲೆ ಕುಸಿದು ದೊಡ್ಡ ದನಿ ತೆಗೆದು ಅತ್ತಳು.

ಮಾವ ಕೋವಿ ಬದಿಗಿಟ್ಟರು. ಅತ್ತೆಯಿಂದ ಸುಣ್ಣದ ಡಬ್ಬಿ ಇಸಿದುಕೊಂಡು, ಕೆಳಗಿನ ಮೆಟ್ಟಿಲಲ್ಲಿ ಕುಳಿತು, ಅಕ್ಕನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡರು. ಒಂದೊಂದೇ ಜಿಗಣೆಗೆ ಸುಣ್ಣ ಮುಟ್ಟಿಸುತ್ತ, ಯಾರಿಗೂ ಕೇಳಬಾರದೆಂಬಂತೆ ಹೇಳಿದರು.

"ತಂತಿ ಸರಿ ಉಂಟು ಅಂತ ನಂಗೆ ಮೊದಲೇ ಗೊತ್ತಿತ್ತು ಅಕ್ಕ. ತಂತಿದಾದ್ರೆ ನಂಗೆ ರಿಪೇರಿ ಬರ್ತದೆ. ನಿನ್ನ ಸಿಟ್ಟಿನ ರಿಪೇರಿ ನಂಗೆ ಬರೂದಿಲ್ಲ."

ಅಮ್ಮ ಅಳುತ್ತಲೇ ಅವರ ತಲೆಗೊಂದು ಮೊಟಕಿದಳು. "ಬರದಿದ್ರೆ ಸುಮ್ಮನೆ ಒಳಗೆ ಬಂದು ಕೂರ್ಬೇಕು ಮಾರಾಯ. ನೀನು ಸತ್ರೆ ನಾನು ಯಾರ ಮೇಲೆ ಸಿಟ್ಟು ಮಾಡೂದು?"

ಮಾವ ತಲೆ ಎತ್ತಲಿಲ್ಲ. ಇನ್ನೂ ಜಿಗಣೆ ಇದೆಯೇ ಎಂದು ಅಕ್ಕನ ಪಾದವನ್ನು ತಿರುಗಿಸಿ ತಿರುಗಿಸಿ ಹುಡುಕುತ್ತಲೇ ಇದ್ದರು. ಒಂದೂ ಉಳಿದಿರಲಿಲ್ಲ.