ಗುಂಯ್ ಎಂದರೆ ಸಿಡಿಯುವ ಸೋದರತ್ತೆ

ಕೆಲವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುತ್ತಾರಲ್ಲ, ನನ್ನ ಸೋದರತ್ತೆಗೆ ಅದು ಕಿವಿಯಲ್ಲಿದೆ! ಕುಕ್ಕರ್ ಎಷ್ಟಾದರೂ ಕೂಗಲಿ, ಬೀದಿನಾಯಿಗಳು ಬೊಗಳಲಿ, ತಲೆಯ ಮೇಲೆ ವಿಮಾನವೇ ಹಾರಲಿ, ಅವರು ಕದಲುವುದಿಲ್ಲ. ಆದರೆ ಕರೆಂಟಿನ ಯಾವುದಾದರೂ ಸಾಮಾನು ‘ಗುಂಯ್’ ಎಂದಿತೋ, ಮುಗಿಯಿತು. ಯಶವಂತಪುರದ ಕಡೆಯ ರೇಡಿಯೊ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕೂತು ಟ್ರಾನ್ಸ್‌ಫಾರ್ಮರ್‌ಗಳಿಗೆ ತಾಮ್ರದ ತಂತಿ ಸುತ್ತಿದವರು ಅವರು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಅತ್ತೆಯ ತಪಾಸಣೆ ಮಾತ್ರ ಊರ ತುಂಬಾ ನಡೆದೇ ಇದೆ.

ಆರ್.ಟಿ. ನಗರದ ಛತ್ರದಲ್ಲಿ ನನ್ನ ತಂಗಿಯ ಮದುವೆ. ಎಲ್ಲರೂ ಅಕ್ಷತೆ ಹಿಡಿದು ಕಾಯುತ್ತಿದ್ದೇವೆ. ಮೈಕಿನಿಂದ ಸಣ್ಣಗೆ ಗುಂಯ್! ಅತ್ತೆ ದಡದಡನೆ ವೇದಿಕೆ ಹತ್ತಿದರು. “ಒಂದ್ನಿಮಿಷ ಮಂತ್ರ ನಿಲ್ಸಿ ಸ್ವಾಮಿ” ಎಂದು ಪುರೋಹಿತರಿಗೇ ಹೇಳಿ, ಬಗ್ಗಿ ಮೈಕಿನ ವೈರು ಎಳೆಯತೊಡಗಿದರು. ಪುರೋಹಿತರು ನಿಲ್ಲಿಸಲಿಲ್ಲ. ಮದುವೆಯ ವಿಡಿಯೊದಲ್ಲಿ ಈಗ ತಾಳಿ ಕಟ್ಟುವ ದೃಶ್ಯ ಬಂದಾಗ ವಧುವೂ ಇಲ್ಲ, ವರನೂ ಇಲ್ಲ. ಪರದೆಯ ತುಂಬಾ ಅತ್ತೆಯ ಬೆನ್ನು! ತಂಗಿ ಆರು ತಿಂಗಳು ಅವರ ಜೊತೆ ಮಾತು ಬಿಟ್ಟಿದ್ದಳು.

ಇಂಥವರಿಂದ ನಮ್ಮ ಮನೆಯ ಆಂಪ್ಲಿಫೈಯರ್ ವಿಷಯವನ್ನು ನಾನು ಮುಚ್ಚಿಟ್ಟಿದ್ದು ತಪ್ಪೇ?

ಕೊಡಿಗೇಹಳ್ಳಿಯ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಮ್ಮನಿಗೆ ಎರಡು ವರ್ಷದಿಂದ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣಿಸುವುದಿಲ್ಲ. ಮಧ್ಯಾಹ್ನದ ಧಾರಾವಾಹಿಯನ್ನು ಅವಳು ಕೇಳುತ್ತಾಳೆ. ನಮ್ಮ ಟಿವಿಯದೋ ಸೊಳ್ಳೆಯ ದನಿ. ಹಾಗಾಗಿ ಅಪ್ಪನ ಕಾಲದ, ಎತ್ತಿದರೆ ಸೊಂಟ ಹಿಡಿಯುವಂಥ ಆಂಪ್ಲಿಫೈಯರ್‌ಗೆ ಅದನ್ನು ಜೋಡಿಸಿದ್ದೆ. ಅದು ಗುಂಯ್‌ಗುಡಲು ಶುರುವಾಯಿತು. ರಿಪೇರಿಯವನು ಬಂದು ಮುಚ್ಚಳ ತೆಗೆದ, ಇಣುಕಿದ, ಮುಚ್ಚಿದ. “ಟ್ರಾನ್ಸ್‌ಫಾರ್ಮರ್ ಹೋಗಿದೆ ಮೇಡಂ. ಎಸೆದ್ಬಿಡಿ.” ಹೊಸದನ್ನು ತರುವುದೆಂದು ತೀರ್ಮಾನಿಸಿದೆ.

ಅಷ್ಟರಲ್ಲಿ ಸಿಂಗಾಪುರದಿಂದ (ವಿದೇಶದ್ದಲ್ಲ, ನಮ್ಮೂರಿನದೇ ಬಡಾವಣೆ, ಅತ್ತೆಯ ಮನೆ ಅಲ್ಲಿ) ಅತ್ತೆಯ ಫೋನು.

“ಹಿಂದೆ ಅದೇನೇ ಗುಂಯ್ ಅಂತಿರೋದು?”

“ಆಂಪ್ಲಿಫೈಯರ್ ಅತ್ತೆ. ಟ್ರಾನ್ಸ್‌ಫಾರ್ಮರ್ ಹೋಗಿದ್ಯಂತೆ. ಬೇರೆ ತರ್ತೀವಿ.”

“ಹೋಗಿದೆ ಅಂತ ಯಾವನೇ ಹೇಳಿದ್ದು?”

“ರಿಪೇರಿಯವ್ರು.”

“ಅವನ ತಲೆ!”

ಫೋನು ಕಟ್. ಮುಕ್ಕಾಲು ಗಂಟೆಯಲ್ಲಿ ಬಾಗಿಲಿಗೆ ಆಟೋ! ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದ ಅತ್ತೆಯ ಚೀಲದಲ್ಲಿ ಟೆಸ್ಟರ್, ಸ್ಪ್ಯಾನರ್, ಜೊತೆಗೆ ಒಂದು ಮರದ ಸೌಟು.

ನಾನು ಒಳಗೆ ಲ್ಯಾಪ್‌ಟಾಪಿನ ಮುಂದೆ ಆಫೀಸಿನ ಮೀಟಿಂಗಿನಲ್ಲಿದ್ದೆ. ಮ್ಯಾನೇಜರ್ ಏನೋ ಕೇಳಿದರು, ಉತ್ತರಕ್ಕೆ ಬಾಯಿ ತೆರೆದೆ, ಇಂಟರ್ನೆಟ್ ಹೋಯಿತು. ಹೊರಗೆ ಬಂದರೆ, ಹಾಲಿನ ಒಂದು ಸಾಕೆಟ್ ಬಿಟ್ಟು ಇಡೀ ಮನೆಯ ಕರೆಂಟನ್ನು ಅತ್ತೆ ತೆಗೆದಿದ್ದಾರೆ!

“ಮೀಟಿಂಗಲ್ಲಿದ್ದೆ ಅತ್ತೆ!”

“ನಿನ್ನ ಮೀಟಿಂಗೂ ಗುಂಯ್ ಅನ್ನುತ್ತೆ. ಒಂದೊಂದಾಗಿ ನಿಲ್ಸಿ ನೋಡ್ಬೇಕು ಕಣೇ.”

ಸ್ಪೀಕರಿನ ವೈರು ಕಿತ್ತರು. ಸ್ಪೀಕರ್ ಸುಮ್ಮನಾಯಿತು, ಪೆಟ್ಟಿಗೆ ಸುಮ್ಮನಾಗಲಿಲ್ಲ. ಸೌಟಿನ ಹಿಡಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಪೆಟ್ಟಿಗೆಗೆ ಒತ್ತಿ, ಡಾಕ್ಟರ ಹಾಗೆ ಕಣ್ಣು ಮುಚ್ಚಿದರು. “ಟ್ರಾನ್ಸ್‌ಫಾರ್ಮರೇ ಅದುರ್ತಿದೆ. ಅದುರ್ಸ್ತಿರೋದು ಯಾರು?” ಎಂದು ಕಣ್ಣು ತೆರೆದವರಿಗೆ ಕಿಟಕಿಯಾಚೆ ಪಕ್ಕದ ಮನೆಯ ಯಜಮಾನರು ನಾಲ್ಕನೇ ಮಹಡಿಗೆ ವೆಲ್ಡಿಂಗ್ ಮಾಡಿಸುತ್ತಿದ್ದುದು ಕಾಣಿಸಬೇಕೇ! ನಾನು ತಡೆಯುವಷ್ಟರಲ್ಲಿ ಅವರ ಗೇಟಿನಲ್ಲಿದ್ದರು.

“ಇಂಗೆ ಬಂದು ಕೂಗಾಡುದ್ರೆ ಎಂಗಮ್ಮೋ? ನಮ್ಮ ಮನೆ, ನಮ್ಮ ವೆಲ್ಡಿಂಗು” ಎಂದರು ಯಜಮಾನರು.

“ಲೈನು ಇಬ್ರಿಗೂ ಒಂದೇ ಕಣ್ರೀ! ಐದೇ ನಿಮಿಷ ನಿಲ್ಸಿ.”

ಪಾಪ, ನಿಲ್ಲಿಸಿದರು. ನಿಲ್ಲಿಸಿ, ತಾವೂ ನೋಡಲು ಬಂದರು. ಪೆಟ್ಟಿಗೆ ಗುಂಯ್ ಎನ್ನುತ್ತಲೇ ಇತ್ತು.

“ಈಗೇನಂತೀರಮ್ಮೋ?”

“ನಿಮ್ದಲ್ಲ ಅಂತ ಗೊತ್ತಾಯ್ತಲ್ಲ, ಸಂತೋಷ ಪಡಿ. ಹೋಗ್ಬನ್ನಿ!”

ಅವರನ್ನು ಗೇಟಿನವರೆಗೂ ಕಳಿಸಿ, ಕೈಮುಗಿದು ಕ್ಷಮೆ ಕೇಳಿ ಬಂದವಳ ತಾಳ್ಮೆ ಅಲ್ಲಿಗೆ ತೀರಿತು. “ಸಾಕು ಅತ್ತೆ! ದಿನಾ ಮುಖ ನೋಡೋರ ಹತ್ರ ಯಾಕೆ ಜಗಳ? ನಾಳೆ ಹೊಸದು ತರ್ತೀನಿ, ಇದನ್ನ ಎಸೀತೀನಿ!”

“ಬಿಚ್ಚಿ ನೋಡ್ದೇನೇ ಎಸೀತೀಯಾ?” ಅತ್ತೆ ಪೆಟ್ಟಿಗೆಯ ಮೇಲೆ ಕೈಯಿಟ್ಟರು. “ನಮ್ಮನ್ನೂ ಯಾರೂ ನೋಡ್ಲಿಲ್ಲ ಕಣೇ. ನೂರಾರು ಹೆಂಗಸ್ರು, ಬೆಳಗ್ಗೆ ಟಿಫನ್ ಡಬ್ಬಿ ಹಿಡ್ಕೊಂಡು ಹೋದ್ರೆ ಫ್ಯಾಕ್ಟ್ರಿ ಗೇಟಿಗೆ ಬೀಗ, ಒಂದು ಕಾಗದ ಅಂಟಿಸಿದ್ರು.”

ಎಸೆಯುವ ಮಾತು ಬಿಟ್ಟು ನಾನೂ ಪೆಟ್ಟಿಗೆಯ ಪಕ್ಕ ಕೂತೆ.

ಅತ್ತೆ ಪ್ಲಗ್ ಕಿತ್ತರು. ಮುಚ್ಚಳಕ್ಕೆ ಕೈಹಾಕಿದ ನನ್ನ ಕೈಮೇಲೆ ಪಟ್ಟೆಂದು ಹೊಡೆದರು. “ಒಳಗೆ ಕರೆಂಟು ಉಳಿದಿರುತ್ತೆ, ಮುಟ್ಬೇಡ. ಹೋಗಿ ಕಾಫಿ ಮಾಡು.” ಕಾಫಿ ಕುಡಿದು, ಲೋಟ ತೊಳೆದಿಟ್ಟು, ಆಮೇಲೆ ಬಿಚ್ಚಿದರು. ಟ್ರಾನ್ಸ್‌ಫಾರ್ಮರಿನ ನಾಲ್ಕು ಬೋಲ್ಟುಗಳಲ್ಲಿ ಎರಡು ಬೆರಳಲ್ಲೇ ತಿರುಗುತ್ತಿದ್ದವು!

“ನೋಡಿಲ್ಲಿ. ಇಷ್ಟು ವರ್ಷ ಅದುರಿ ಅದುರಿ ಸಡಿಲ ಆಗಿದೆ, ತಗಡುಗಳು ಒಂದಕ್ಕೊಂದು ಬಡ್ಕೊಳ್ತಿವೆ. ಆ ಮಹಾನುಭಾವ ಒಂದ್ಸಲ ಮುಟ್ಟಿ ನೋಡಿದ್ರೆ ಸಾಕಾಗಿತ್ತು!” ಬೈಗುಳ ಒಂದಕ್ಕೆ ಅರ್ಧ ಸುತ್ತಿನಂತೆ ಎರಡನ್ನೂ ಬಿಗಿ ಮಾಡಿ, ವೈರು, ಪ್ಲಗ್ ಸಿಕ್ಕಿಸಿ, ಮನೆಯ ಕರೆಂಟನ್ನೂ ವಾಪಸ್ ಕೊಟ್ಟು, ಸ್ವಿಚ್ ಹಾಕಿದರು.

ಸದ್ದೇ ಇಲ್ಲ.

“ನಿಂತೋಯ್ತಾ?” ಎಂದಳು ಮೂಲೆಯ ಕುರ್ಚಿಯಿಂದ ಅಮ್ಮ.

ಚೀಲ ಎತ್ತಿಕೊಂಡು, ನನಗೆ ಇನ್ನಷ್ಟು ಬೈದು ಹೊರಡುತ್ತಾರೆಂದುಕೊಂಡಿದ್ದೆ. ಅಷ್ಟರಲ್ಲಿ ಧಾರಾವಾಹಿಯ ಹೊತ್ತಾಯಿತು, ಅಮ್ಮನಿಗೆ ಟಿವಿ ಹಾಕಿದೆ. ಅತ್ತೆಗೆ ಧಾರಾವಾಹಿ ಕಂಡರಾಗದು. ಆದರೂ ಕುರ್ಚಿ ಎಳೆದುಕೊಂಡು ಅಮ್ಮನ ಪಕ್ಕ ಕೂತರು. ಪರದೆಯ ಮೇಲೆ ಮಾತು ನಿಂತು ಬರೀ ಪಿಟೀಲು ಕೇಳಿಸತೊಡಗಿತು.

“ಈಗ ಸೊಸೆ ಬಂದ್ಳು ಅತ್ತಿಗೆ. ಹಳದಿ ಸೀರೆ. ಬ್ಲೌಸು ಹೊಂದಲ್ಲ.”

“ಅಳ್ತಿದ್ದಾಳಾ?”

“ಕಣ್ಣಲ್ಲಿ ನೀರಿಲ್ಲ. ಮುಖ ಮಾತ್ರ ಸೊಟ್ಟ ಮಾಡ್ಕೊಂಡಿದ್ದಾಳೆ. ಅತ್ತೆ ಬಾಗಿಲ ಸಂದೀಲಿ ನಿಂತು ಕದ್ದು ನೋಡ್ತಿದ್ದಾಳೆ.”

“ಅಯ್ಯೋ, ಅವ್ಳು ಅಲ್ಲೇ ಇದ್ದಾಳಾ!” ಎಂದು ಅಮ್ಮ ಬಿದ್ದು ಬಿದ್ದು ನಕ್ಕಳು.

ಎಷ್ಟು ದಿನವಾಗಿತ್ತು ಅವಳು ಹಾಗೆ ನಕ್ಕು! ಎರಡು ವರ್ಷದಿಂದ ನಾನು ಅವಳಿಗೆ ಟಿವಿ ಹಾಕಿಕೊಟ್ಟು, ವಾಲ್ಯೂಮ್ ಏರಿಸಿ, ಕರ್ತವ್ಯ ಮುಗಿಯಿತೆಂದು ಒಳಗೆ ಹೋಗುತ್ತಿದ್ದೆ. ಮಾತು ನಿಂತಾಗಲೆಲ್ಲ ಅಮ್ಮ ಆ ಪಿಟೀಲನ್ನು ಕೇಳುತ್ತಾ ಒಬ್ಬಳೇ ಏನು ಊಹಿಸಿಕೊಳ್ಳುತ್ತಿದ್ದಳೋ. ಅವಳು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಒಳಗೆ ಆಫೀಸಿನ ಕರೆ ಬರುತ್ತಲೇ ಇತ್ತು. ನಾನು ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತೆ.

“ನಾಳೆಯಿಂದ ಇವಳು ಹೇಳ್ತಾಳೆ ಬಿಡಿ ಅತ್ತಿಗೆ” ಎಂದರು ಅತ್ತೆ.

ಅಮ್ಮ ತಡಕಾಡಿ ಅವರ ಕೈ ಹಿಡಿದುಕೊಂಡಳು. “ಹೇಳ್ಲಿ. ನೀನೂ ಬಾರೇ.”

“ಬರ್ತೀನಿ” ಎಂದರು ಅತ್ತೆ, ನನಗೆ ಗುರುತೇ ಸಿಗದಷ್ಟು ಮೆಲ್ಲಗೆ. ನಾನು ಮೂಗೆಳೆದೆ. ತಕ್ಷಣ ಗದರಿದರು: “ಸುಮ್ನಿರೇ, ಸೊಸೆ ಬಾಗ್ಲು ತೆಗೀತಿದ್ದಾಳೆ.”